ಸೇನೆಯಲ್ಲಿ ಹುದ್ದೆಗಳು ಖಾಲಿ, ರೋಣದಲ್ಲಿ ಕೈಗಳು ಖಾಲಿ

ಭಾರತೀಯ ಭೂಸೇನೆಯಲ್ಲಿ ಒಂದು ಲಕ್ಷಕ್ಕೂ ಅಧಿಕ ಹುದ್ದೆಗಳು ಖಾಲಿ ಇವೆ ಎಂಬ ಅಂಶ 2025ರ ಮಾರ್ಚ್‌ನಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಯಿಂದ ಬಹಿರಂಗವಾಯಿತು. 2024ರ ಲೆಕ್ಕದಂತೆ 50,538 ಅಧಿಕಾರಿಗಳು ಇರಬೇಕಾದಲ್ಲಿ 42,095 ಮಂದಿ ಮಾತ್ರ ಇದ್ದರು. ಅಂದರೆ ಶೇ. 16.71ರಷ್ಟು ಕೊರತೆ. ಸಿಪಾಯಿಗಳು ಮತ್ತು ಕಿರಿಯ ಅಧಿಕಾರಿಗಳ ಸಾಲಿನಲ್ಲಿ ಮಂಜೂರಾದ ಹುದ್ದೆಗಳು 11,97,520, ಭರ್ತಿಯಾಗಿದ್ದವು 11,05,110. ಇಲ್ಲಿ 92,410 ಸ್ಥಾನಗಳು ಬರಿದಾಗಿದ್ದವು. ಅದಕ್ಕೂ ಎರಡು ವರ್ಷ ಮೊದಲು, 2023ರ ಮಾರ್ಚ್‌ನಲ್ಲಿ, ಮೂರೂ ಸೇನಾಪಡೆಗಳು ಸೇರಿ ಸುಮಾರು 1.55 ಲಕ್ಷ ಹುದ್ದೆಗಳು ಖಾಲಿ ಇವೆಯೆಂದು ಸರಕಾರವೇ ರಾಜ್ಯಸಭೆಗೆ ತಿಳಿಸಿತ್ತು. ಅದರಲ್ಲಿ 1.36 ಲಕ್ಷ ಭೂಸೇನೆಯದೇ ಆಗಿತ್ತು.

ಈ ಅಂಕಿ ಅಂಶಗಳನ್ನು ಓದುವ ಯಾರಿಗಾದರೂ ಮೂಡುವ ಮೊದಲ ಅನುಮಾನ, ನಮ್ಮ ಯುವಕರಿಗೆ ಸೇನೆ ಬೇಡವಾಗಿದೆಯೇ ಎಂಬುದು. ಆದರೆ ಬೆಳಗಿನ ಜಾವ ರೋಣದ ರಸ್ತೆಗಳಲ್ಲಿ, ನರಗುಂದದ ಗುಡ್ಡದ ಬುಡದಲ್ಲಿ, ಗಜೇಂದ್ರಗಡದ ಕೋಟೆಯ ಕೆಳಗಿನ ದಾರಿಯಲ್ಲಿ ಹೊರಟು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಹದಿನೆಂಟು, ಇಪ್ಪತ್ತು ವಯಸ್ಸಿನ ಹುಡುಗರು ಗುಂಪುಗುಂಪಾಗಿ ಓಡುತ್ತಿರುತ್ತಾರೆ. ಪೂರ್ಣ ಅಂಕ ಬೇಕೆಂದರೆ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಬೇಕು, ಕಬ್ಬಿಣದ ಸರಳು ಹಿಡಿದು ಹತ್ತು ಬಾರಿ ಮೇಲೇರಬೇಕು, ಒಂಬತ್ತು ಅಡಿ ಅಗಲದ ಕಂದಕವನ್ನು ಹಾರಬೇಕು ಎಂಬುದು ಅವರಿಗೆಲ್ಲ ಬಾಯಿಪಾಠ. ಒಂದೆಡೆ ಲಕ್ಷ ಹುದ್ದೆಗಳು ಖಾಲಿ, ಇನ್ನೊಂದೆಡೆ ಆ ಹುದ್ದೆಗಾಗಿ ಓಡಿ ಓಡಿ ವಯಸ್ಸು ಮೀರಿಸಿಕೊಳ್ಳುತ್ತಿರುವ ಯುವಕರು. ಇದು ಹೇಗೆ ಸಾಧ್ಯ? ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕಂಡುಕೊಳ್ಳದೆ ಸೇನೆಯ ಕೊರತೆಯ ಬಗ್ಗೆ ಕಳವಳ ವ್ಯಕ್ತಪಡಿಸುವುದರಲ್ಲಿ ಅರ್ಥವಿಲ್ಲ.

ಸೇನೆಗೆ ಜನ ಸಿಗದಿರುವುದು ಇಂದು ಅನೇಕ ದೇಶಗಳ ಸಮಸ್ಯೆ. 2022ರಲ್ಲಿ ಅಮೆರಿಕದ ಭೂಸೇನೆ 60,000 ಮಂದಿಯನ್ನು ಸೇರಿಸಿಕೊಳ್ಳಲು ಹೊರಟು ಸುಮಾರು 15,000ದಷ್ಟು ಹಿಂದೆ ಬಿತ್ತು. ಬ್ರಿಟನ್ ತನ್ನ ಸೇನಾ ನೇಮಕಾತಿಯ ಕೆಲಸವನ್ನು 2012ರಲ್ಲಿ ಖಾಸಗಿ ಕಂಪೆನಿಯೊಂದಕ್ಕೆ ವಹಿಸಿ, ವರ್ಷವರ್ಷವೂ ಗುರಿ ತಪ್ಪಿತು. ಆದರೆ ಅಲ್ಲಿನ ಕಾಯಿಲೆಯೇ ಬೇರೆ, ನಮ್ಮದೇ ಬೇರೆ. ಅಲ್ಲಿ ಬಾಗಿಲು ತೆರೆದು ಕಾದರೂ ಯುವಕರು ಬರುತ್ತಿರಲಿಲ್ಲ. ಇಲ್ಲಿ ಯುವಕರು ಬಾಗಿಲ ಮುಂದೆ ನಿಂತಿದ್ದರು, ಬಾಗಿಲೇ ಮುಚ್ಚಿತ್ತು.

ಮುಚ್ಚಿದ್ದು ಯಾವಾಗ? ಸರಕಾರ ಸಂಸತ್ತಿಗೆ ಕೊಟ್ಟ ಮಾಹಿತಿಯ ಪ್ರಕಾರ 2018-19ರಲ್ಲಿ ಭೂಸೇನೆ 53,431 ಮಂದಿಯನ್ನು, 2019-20ರಲ್ಲಿ 80,572 ಮಂದಿಯನ್ನು ಭರ್ತಿ ಮಾಡಿಕೊಂಡಿತು. 2020-21 ಮತ್ತು 2021-22ರಲ್ಲಿ ಭರ್ತಿಯಾದವರ ಸಂಖ್ಯೆ ಸೊನ್ನೆ. ಕೊರೊನಾ ಇದಕ್ಕೆ ಕಾರಣವೆಂದು ಹೇಳಲಾಯಿತು. ಸೇನೆಯಿಂದ ಪ್ರತಿ ವರ್ಷ ಸುಮಾರು 60,000 ಮಂದಿ ನಿವೃತ್ತರಾಗುತ್ತಾರೆ. ಎರಡು ವರ್ಷ ನಿವೃತ್ತಿ ಮಾತ್ರ ನಡೆದು ಭರ್ತಿ ನಡೆಯದಿದ್ದರೆ ಒಂದು ಲಕ್ಷಕ್ಕೂ ಮೀರಿದ ಜಾಗ ಖಾಲಿಯಾಗದೆ ಇನ್ನೇನಾದೀತು? ಇದನ್ನು ತಿಳಿಯಲು ತಜ್ಞರೇನೂ ಬೇಕಿಲ್ಲ, ಕಿರಾಣಿ ಅಂಗಡಿಯ ಲೆಕ್ಕ ಬಲ್ಲವರಿಗೂ ಇದು ಅರ್ಥವಾಗುತ್ತದೆ. ಕೊರೊನಾ ನಿಜ, ಅದರ ಭೀಕರತೆಯೂ ನಿಜ. ಆದರೆ ಅದೇ ಅವಧಿಯಲ್ಲಿ ಚುನಾವಣಾ ರ‍್ಯಾಲಿಗಳು ಯಥೇಚ್ಛವಾಗಿ ನಡೆದವು. ಸೇನಾ ಭರ್ತಿಯ ರ‍್ಯಾಲಿಗಳಿಗೆ ಮಾತ್ರ ಸೋಂಕಿನ ಭಯ ಅಡ್ಡ ಬಂತು.

ಆ ಎರಡು ವರ್ಷಗಳಲ್ಲಿ ಕೆಲವರು ದೇಹದಾರ್ಢ್ಯ ಪರೀಕ್ಷೆ ಮುಗಿಸಿ, ವೈದ್ಯಕೀಯ ತಪಾಸಣೆಯನ್ನೂ ದಾಟಿ ಲಿಖಿತ ಪರೀಕ್ಷೆಗೆ ಕಾದಿದ್ದರು. ಇನ್ನು ಕೆಲವರು ಎಲ್ಲ ಹಂತಗಳನ್ನೂ ಮುಗಿಸಿ ಆದೇಶಪತ್ರಕ್ಕೆ ಎದುರುನೋಡುತ್ತಿದ್ದರು. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾದಾಗ ಅದುವರೆಗಿನ ಭರ್ತಿ ಪ್ರಕ್ರಿಯೆಗಳೆಲ್ಲ ರದ್ದಾದವು. ಮೊದಲಿನಿಂದ ಮತ್ತೆ ಅರ್ಜಿ ಹಾಕಿ ಎಂದು ಹೇಳಲಾಯಿತು. ದೇಶದ ಹಲವೆಡೆ ಯುವಕರು ಬೀದಿಗಿಳಿದರು. ನಮ್ಮ ಭಾಗದಲ್ಲೂ ಧಾರವಾಡದಲ್ಲಿ, ಖಾನಾಪುರದಲ್ಲಿ ಪ್ರತಿಭಟನೆ ನಡೆಯಿತು. ಧಾರವಾಡದಲ್ಲಿ ಪೊಲೀಸರು ಲಾಠಿ ಬೀಸಿದರು. ಬೆಂಕಿ ಹಚ್ಚುವುದನ್ನು, ಸಾರ್ವಜನಿಕ ಆಸ್ತಿಗೆ ಹಾನಿ ಮಾಡುವುದನ್ನು ಯಾರೂ ಸಮರ್ಥಿಸುವಂತಿಲ್ಲ. ಆದರೆ ಆ ಸಿಟ್ಟಿನ ಮೂಲ ಯಾವುದು ಎಂದು ಕೇಳುವ ಸೌಜನ್ಯವನ್ನೂ ಬಹಳಷ್ಟು ಟಿ.ವಿ. ಚಾನೆಲ್‌ಗಳು ತೋರಲಿಲ್ಲ. ವಿಷಯ ನ್ಯಾಯಾಲಯಕ್ಕೂ ಹೋಯಿತು. 2023ರ ಫೆಬ್ರವರಿ 27ರಂದು ದಿಲ್ಲಿ ಹೈಕೋರ್ಟು ಯೋಜನೆಯನ್ನು ಎತ್ತಿಹಿಡಿಯಿತು. ಅದೇ ವರ್ಷ ಎಪ್ರಿಲ್ 10ರಂದು ಸುಪ್ರೀಮ್ ಕೋರ್ಟು ಮೇಲ್ಮನವಿಗಳನ್ನು ತಳ್ಳಿಹಾಕಿತು. ಆಯ್ಕೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನೇಮಕದ ಹಕ್ಕು ಹುಟ್ಟುವುದಿಲ್ಲ ಎಂಬುದು ಕಾನೂನಿನ ನಿಲುವು. ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತು. ಎರಡು ವರ್ಷ ಕಾದು ವಯಸ್ಸು ಕಳಕೊಂಡವರ ಲೆಕ್ಕ ಮುಗಿಯಲಿಲ್ಲ.

ಹಾಗಾದರೆ ಹೊಸ ಯೋಜನೆಯಲ್ಲಿ ಏನಿದೆ? ಇದನ್ನು ನಮ್ಮ ಮನೆಗಳಲ್ಲಿ ತಂದೆ ತಾಯಿ ಇಬ್ಬರೂ ಕೂತು ಲೆಕ್ಕ ಹಾಕಬೇಕಾದ ಅಗತ್ಯವಿದೆ. ಹಿಂದೆ ಸಿಪಾಯಿಯಾಗಿ ಸೇರಿದವನು ಹದಿನೈದು, ಹದಿನೇಳು ವರ್ಷ ಸೇವೆ ಸಲ್ಲಿಸಿ ಮೂವತ್ತೈದರ ಆಸುಪಾಸಿನಲ್ಲಿ ಜೀವನಪರ್ಯಂತ ಪಿಂಚಣಿಯೊಂದಿಗೆ ಊರಿಗೆ ಮರಳುತ್ತಿದ್ದ. ಈಗ ಅಗ್ನಿವೀರನಾಗಿ ಸೇರುವವನ ಸೇವೆ ನಾಲ್ಕು ವರ್ಷ. ಯೋಜನೆ ಪ್ರಕಟಿಸುವಾಗ ಹೇಳಿದಂತೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ ಸಂಬಳ, ಅದರಲ್ಲಿ ಶೇ. 30 ಸೇವಾನಿಧಿಗೆ ಹೋಗಿ ಕೈಗೆ ಬರುವುದು 21,000. ನಾಲ್ಕನೇ ವರ್ಷ ಸಂಬಳ 40,000, ಕೈಗೆ 28,000. ಅವನು ಕಟ್ಟಿದಷ್ಟೇ ಮೊತ್ತವನ್ನು ಸರಕಾರವೂ ಕಟ್ಟಿ, ಬಡ್ಡಿ ಸೇರಿಸಿ ಕೊನೆಯಲ್ಲಿ ಸುಮಾರು 11.71 ಲಕ್ಷ ರೂಪಾಯಿ ಕೈಗಿಡುತ್ತದೆ. ಪಿಂಚಣಿ ಇಲ್ಲ, ಗ್ರ್ಯಾಚುಟಿ ಇಲ್ಲ, ಮಾಜಿ ಸೈನಿಕನೆಂಬ ಸ್ಥಾನಮಾನವಿಲ್ಲ. ನೂರರಲ್ಲಿ ಗರಿಷ್ಠ ಇಪ್ಪತ್ತೈದು ಮಂದಿಗೆ ಮುಂದಿನ ಹದಿನೈದು ವರ್ಷಗಳ ಸೇವೆಗೆ ಅವಕಾಶ. ಉಳಿದ ಎಪ್ಪತ್ತೈದು ಮಂದಿ ಇಪ್ಪತ್ತೆರಡು, ಇಪ್ಪತ್ತಮೂರನೆಯ ವಯಸ್ಸಿಗೆ ಮತ್ತೆ ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಇಳಿಯುತ್ತಾರೆ. 2022ರ ಡಿಸೆಂಬರ್ ಮತ್ತು 2023ರ ಜನವರಿಯಲ್ಲಿ ತರಬೇತಿಗೆ ಸೇರಿದ ಮೊದಲ ತಂಡಗಳಿಗೆ 2026ರ ಕೊನೆ ಹಾಗೂ 2027ರ ಆರಂಭವೇ ಆ ಇಳಿಯುವ ಕಾಲ.

ಸರಕಾರದ ವಾದವನ್ನೂ ನಾವು ಕೇಳಿಸಿಕೊಳ್ಳಬೇಕು. ಯೋಧರ ಸರಾಸರಿ ವಯಸ್ಸನ್ನು 32ರಿಂದ 26ಕ್ಕೆ ಇಳಿಸಿ ಸೇನೆಗೆ ತಾರುಣ್ಯ ತುಂಬುವುದು ಯೋಜನೆಯ ಉದ್ದೇಶವೆಂದು ಅದು ಹೇಳುತ್ತದೆ. ಹಿಮದ ಬೆಟ್ಟಗಳಲ್ಲಿ ಹೋರಾಡುವವರಿಗೆ ವಯಸ್ಸು ಮುಖ್ಯ ಎಂಬುದು ಸುಳ್ಳೇನಲ್ಲ. ಬಾಯಿಬಿಟ್ಟು ಹೇಳದಿರುವ ಇನ್ನೊಂದು ಕಾರಣ ಪಿಂಚಣಿಯ ಹೊರೆ. 2022-23ರ ಬಜೆಟಿನಲ್ಲಿ ರಕ್ಷಣಾ ಸಚಿವಾಲಯಕ್ಕೆ ಇಟ್ಟ 5.25 ಲಕ್ಷ ಕೋಟಿ ರೂಪಾಯಿಯಲ್ಲಿ ಸುಮಾರು 1.2 ಲಕ್ಷ ಕೋಟಿ ಪಿಂಚಣಿಗೇ ಮೀಸಲಾಗಿತ್ತು. ಆಯುಧಕ್ಕೂ ಆಧುನೀಕರಣಕ್ಕೂ ಹಣ ಬೇಕು ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಉಳಿತಾಯ ಆರಂಭವಾಗಬೇಕಾದುದು ಸಿಪಾಯಿಯ ತಟ್ಟೆಯಿಂದಲೇ? ಸೇನೆಯ ಅಧಿಕಾರಿಗೆ ಪಿಂಚಣಿ ಉಂಟು, ಒಂದೇ ಅವಧಿಗೆ ಆರಿಸಿ ಬಂದ ಶಾಸಕನಿಗೂ ಸಂಸದನಿಗೂ ಪಿಂಚಣಿ ಉಂಟು, ಗಡಿಯಲ್ಲಿ ನಾಲ್ಕು ವರ್ಷ ಬಂದೂಕು ಹಿಡಿದವನಿಗೆ ಮಾತ್ರ ಇಲ್ಲ ಎಂಬುದನ್ನು ನ್ಯಾಯಪ್ರಜ್ಞೆ ಹೇಗೆ ಒಪ್ಪಬೇಕು?

ಸಾವಿನಲ್ಲಿಯೂ ಈ ಭೇದ ಮುಂದುವರಿಯುತ್ತದೆ. ಕರ್ನಾಟಕದ ಗಡಿಗೆ ಹೊಂದಿಕೊಂಡಿರುವ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯ ತಾಂಡಾವೊಂದರ ಯುವಕ ಮುರಳಿ ನಾಯಕ್ ಅಗ್ನಿವೀರನಾಗಿದ್ದ. 2025ರ ಮೇ ತಿಂಗಳಲ್ಲಿ, ಆಪರೇಶನ್ ಸಿಂಧೂರದ ದಿನಗಳಲ್ಲಿ, ಜಮ್ಮು ಗಡಿಯಲ್ಲಿ ಪಾಕಿಸ್ತಾನದ ಶೆಲ್ ದಾಳಿಗೆ ಆತ ಬಲಿಯಾದ. ಅಗ್ನಿವೀರನ ಕುಟುಂಬಕ್ಕೆ 48 ಲಕ್ಷ ರೂಪಾಯಿಯ ವಿಮೆ ಮತ್ತು ಪರಿಹಾರ ಸಲ್ಲುತ್ತದೆ, ಆದರೆ ಕಾಯಂ ಸಿಪಾಯಿಯ ಕುಟುಂಬಕ್ಕೆ ಬರುವಂಥ ಪಿಂಚಣಿ ಬರುವುದಿಲ್ಲ. ಆ ಸಮಾನತೆಯನ್ನು ಕೋರಿ ಅವನ ತಾಯಿ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು. ಒಂದೇ ಕಂದಕದಲ್ಲಿ, ಒಂದೇ ಶೆಲ್ಲಿಗೆ ಸತ್ತ ಇಬ್ಬರಲ್ಲಿ ಒಬ್ಬನ ತಾಯಿಗೆ ಪಿಂಚಣಿ, ಇನ್ನೊಬ್ಬನ ತಾಯಿಗೆ ಕೋರ್ಟು. ಕರ್ತವ್ಯದಲ್ಲಿ ಮಡಿದ ಅಗ್ನಿವೀರರ ಕುಟುಂಬಕ್ಕೂ ಇತರ ಯೋಧರಿಗೆ ಸಮಾನವಾದ ಸೌಲಭ್ಯ ಕೊಡಬೇಕೆಂದು ರಕ್ಷಣಾ ಸ್ಥಾಯಿ ಸಮಿತಿ 2024ರಲ್ಲೇ ಶಿಫಾರಸು ಮಾಡಿತ್ತು ಎಂಬುದನ್ನು ಇಲ್ಲಿ ನೆನಪಿಸಬೇಕು.

ಇಷ್ಟೆಲ್ಲ ಇದ್ದರೂ ನಮ್ಮ ಭಾಗದ ಹುಡುಗರು ಓಡುವುದನ್ನು ಏಕೆ ನಿಲ್ಲಿಸಿಲ್ಲ? ಉತ್ತರ ಈ ನೆಲದಲ್ಲೇ ಇದೆ. ಇದು ಮಳೆಯನ್ನೇ ನಂಬಿದ ಎರೆಹೊಲಗಳ ಸೀಮೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೋಳ. ಮಳೆ ಕೈಕೊಟ್ಟರೆ ಎರಡೂ ಇಲ್ಲ. ಕಾಲುವೆಯಲ್ಲಿ ನೀರು ಬರುವ ಮುಂಚೆಯೇ ಕರ ಕಟ್ಟಿರೆಂದಾಗ 1980ರ ಜುಲೈನಲ್ಲಿ ನರಗುಂದದ ರೈತರು ಬಂಡೆದ್ದು ಗುಂಡಿಗೆ ಎದೆಯೊಡ್ಡಿದ್ದು, 2015ರಿಂದ ಮಹಾದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತದ್ದು ಇದೇ ನೆಲ. ದೊಡ್ಡ ಕಾರ್ಖಾನೆಗಳು ಇಲ್ಲಿಲ್ಲ. ಗಜೇಂದ್ರಗಡದ ಮಗ್ಗಗಳು ಹಿಂದಿನಂತೆ ಮನೆ ಸಾಕುವುದಿಲ್ಲ. ನಮ್ಮ ಸಮುದಾಯದ ಯುವಕರಲ್ಲಿ ಗ್ಯಾರೇಜು, ಗೌಂಡಿ ಕೆಲಸ, ಹಮಾಲಿ, ಹಣ್ಣಿನ ಗಾಡಿ, ಲಾರಿಯ ಕ್ಲೀನರ್ ಕೆಲಸ ಬಿಟ್ಟರೆ ಉಳಿಯುವುದು ಗೋವಾ, ಮಂಗಳೂರು, ಬೆಂಗಳೂರಿನ ಬಸ್ಸು. ಗಾದಿ ತುಂಬುವ ಕಸುಬಿನ ನದಾಫ, ಪಿಂಜಾರ ಕುಟುಂಬಗಳ ಕಸುಬನ್ನು ರೆಡಿಮೇಡ್ ಹಾಸಿಗೆಗಳು ಕಸಿದಿವೆ. ಇಂಥಲ್ಲಿ ತಿಂಗಳಿಗೆ 21,000 ರೂಪಾಯಿ, ಸಮವಸ್ತ್ರ, ಊಟ, ವಸತಿ ಎಂದರೆ ಅದು ಸಣ್ಣ ಮಾತಲ್ಲ. ಆದ್ದರಿಂದ ಅಗ್ನಿಪಥವನ್ನು ಟೀಕಿಸುವ ಭರದಲ್ಲಿ ಅದಕ್ಕೆ ಅರ್ಜಿ ಹಾಕುವವರನ್ನು ಹೀಗಳೆಯುವುದು ಬಡವನ ಅನಿವಾರ್ಯತೆಯನ್ನು ಅಣಕಿಸಿದಂತೆ.

ನಮ್ಮ ಭಾಗದವರಿಗೆ ಸೇನೆ ಹೊಸತು, ಇವರು ಯುದ್ಧಕ್ಕೆ ಹೇಳಿದವರಲ್ಲ ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಇದು ಬ್ರಿಟಿಷರು ಬಿಟ್ಟುಹೋದ ಎಂಜಲು. ಮರಾಠರು, ನಿಜಾಮ ಮತ್ತು ಟಿಪ್ಪು ಸುಲ್ತಾನರ ನಡುವಣ ಯುದ್ಧ 1787ರಲ್ಲಿ ಗಜೇಂದ್ರಗಡದ ಒಪ್ಪಂದದೊಂದಿಗೆ ಕೊನೆಗೊಂಡಿತು. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಊರೂರಿನ ಆಯುಧಗಳನ್ನು ಕಸಿಯಹೊರಟಾಗ ಹಲಗಲಿಯ ಬೇಡರು ಸಿಡಿದೆದ್ದರು. ಮರುವರ್ಷ ನರಗುಂದದ ಬಾಬಾಸಾಹೇಬರು ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಬಂಡಾಯಗಳ ತರುವಾಯ ಬ್ರಿಟಿಷರು ಕೆಲವು ಜನಾಂಗಗಳಷ್ಟೇ ಯುದ್ಧಕ್ಕೆ ಯೋಗ್ಯ ಎಂಬ ಸಿದ್ಧಾಂತ ಹೊಸೆದು ದಕ್ಷಿಣದ ಪಡೆಗಳನ್ನು ಒಂದೊಂದಾಗಿ ವಿಸರ್ಜಿಸಿದರು. ಎರಡನೆಯ ಮಹಾಯುದ್ಧದಲ್ಲಿ ಜನ ಬೇಕಾದಾಗ ಅದೇ ಮದ್ರಾಸ್ ರೆಜಿಮೆಂಟನ್ನು ಮತ್ತೆ ಕಟ್ಟಿದರು. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಹೂತುಹೋಗಿಯೂ ಜೀವಂತ ಹೊರಬಂದು, ಬಳಿಕ ದಿಲ್ಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಆ ರೆಜಿಮೆಂಟಿನವರು. ನೆರೆಯ ಧಾರವಾಡ ಜಿಲ್ಲೆಯ ಬೆಟದೂರಿನವರು. ಈ ನೆಲದ ಮಕ್ಕಳ ಧೈರ್ಯಕ್ಕೆ ಬೇರೆ ಪುರಾವೆ ಬೇಕಿಲ್ಲ.

ಇನ್ನು ನಮ್ಮ ಸಮುದಾಯದ ವಿಷಯ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರಲ್ಲಿ ಸೇನೆಯಲ್ಲಿನ ಮುಸ್ಲಿಮರ ಸಂಖ್ಯೆಯನ್ನು ಕೇಳಿದಾಗ ದೊಡ್ಡ ವಿವಾದವೆದ್ದಿತು. ಸೇನೆಯನ್ನು ಧರ್ಮದ ಆಧಾರದಲ್ಲಿ ಎಣಿಸಬಾರದೆಂಬ ಆಕ್ಷೇಪ ಬಂತು, ಸಮಿತಿಯ ವರದಿಯಲ್ಲಿ ಆ ಲೆಕ್ಕ ಸೇರಲಿಲ್ಲ. ಆದರೆ ಐ.ಎ.ಎಸ್.ನಲ್ಲಿ ಶೇ. 3, ಐ.ಪಿ.ಎಸ್.ನಲ್ಲಿ ಶೇ. 4, ವಿದೇಶಾಂಗ ಸೇವೆಯಲ್ಲಿ ಶೇ. 1.8 ಎಂದು ಅದೇ ವರದಿ ದಾಖಲಿಸಿದ ಅಂಕಿಗಳು ಸಮುದಾಯ ಸಾರ್ವಜನಿಕ ಹುದ್ದೆಗಳಿಂದ ಎಷ್ಟು ದೂರ ಉಳಿದಿದೆ ಎಂಬುದನ್ನು ಹೇಳಲು ಸಾಕು. ಸೇನೆಯ ಲೆಕ್ಕ ನಮ್ಮಲ್ಲಿಲ್ಲ. ಆದರೆ ಭರ್ತಿಯ ಸುದ್ದಿ ಬಂದಾಗ ನಮ್ಮ ಮೊಹಲ್ಲಾಗಳಿಂದ ಎಷ್ಟು ಮಂದಿ ಅರ್ಜಿ ಹಾಕುತ್ತಾರೆ ಎಂಬುದನ್ನು ಅರಿಯಲು ಸಮಿತಿಯೇನೂ ಬೇಕಾಗಿಲ್ಲ.

ಹಿಂಜರಿಕೆಗೆ ಕಾರಣಗಳು ಎರಡು ಬಗೆಯವು. ನಮ್ಮನ್ನು ಅವರು ತೆಗೆದುಕೊಳ್ಳುವುದಿಲ್ಲ ಎಂಬ ಅಪನಂಬಿಕೆ ಒಂದು. ಅಲ್ಲಿ ಊಟ, ನಮಾಝ್, ಉಪವಾಸಗಳ ಗತಿ ಏನು ಎಂಬ ಆತಂಕ ಇನ್ನೊಂದು. ಎರಡನ್ನೂ ಊಹೆಯ ಮೇಲೆ ಬಿಡದೆ ತಿಳಿದವರಿಂದ ಕೇಳಿ ತಿಳಿಯಬೇಕು. ಸೇನೆ ಪಂಡಿತ, ಗ್ರಂಥಿ, ಪಾದ್ರಿಗಳಂತೆ ಮೌಲವಿಗಳನ್ನೂ ಕಿರಿಯ ಅಧಿಕಾರಿ ದರ್ಜೆಯಲ್ಲಿ ನೇಮಿಸಿಕೊಳ್ಳುತ್ತದೆ. 1948ರಲ್ಲಿ ನೌಶೇರಾ ರಂಗದಲ್ಲಿ ಮಡಿದ ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್, 1965ರಲ್ಲಿ ಖೇಮಕರಣದಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ಸಿಡಿಸಿ ಹುತಾತ್ಮರಾಗಿ ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್, 1978ರಿಂದ 1981ರ ತನಕ ವಾಯುಪಡೆಯ ಮುಖ್ಯಸ್ಥರಾಗಿದ್ದ ಇದ್ರೀಸ್ ಹಸನ್ ಲತೀಫ್ ಇವರೆಲ್ಲ ತಮ್ಮ ನಂಬಿಕೆಯೊಂದಿಗೇ ಸೇವೆ ಸಲ್ಲಿಸಿದವರು. ಕೆಲವು ಕಟ್ಟುಪಾಡುಗಳಿವೆ ಎಂಬುದನ್ನೂ ಮುಚ್ಚಿಡಬಾರದು. ವಾಯುಪಡೆಯಲ್ಲಿ ಗಡ್ಡ ಬಿಡಲು ಅವಕಾಶ ಕೋರಿದ ಮುಸ್ಲಿಮ್ ಸಿಬ್ಬಂದಿಯ ಅರ್ಜಿಯನ್ನು ಸುಪ್ರೀಮ್ ಕೋರ್ಟು 2016ರ ಡಿಸೆಂಬರ್ 15ರಂದು ತಿರಸ್ಕರಿಸಿತು. ಸೇರುವ ಮುಂಚೆಯೇ ಇದನ್ನೆಲ್ಲ ಅರಿತು ನಿರ್ಧರಿಸುವುದು ಸೇರಿದ ಮೇಲೆ ಕೊರಗುವುದಕ್ಕಿಂತ ಮೇಲು.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮುಸ್ಲಿಮ್ ಯುವಕ ಸೇನೆಗೆ ಸೇರಬೇಕಾದುದು ದೇಶಪ್ರೇಮದ ಸರ್ಟಿಫಿಕೇಟು ಪಡೆಯಲಿಕ್ಕಲ್ಲ. ಸರ್ಟಿಫಿಕೇಟು ಕೇಳುವವರು ಹಮೀದರ ಶವಪೆಟ್ಟಿಗೆಯನ್ನು ಕಂಡ ಬಳಿಕವೂ ಕೇಳುತ್ತಲೇ ಇದ್ದಾರೆ. ಕರ್ನಲ್ ಸೋಫಿಯಾ ಖುರೇಶಿ 2025ರ ಮೇ 7ರಂದು ಆಪರೇಶನ್ ಸಿಂಧೂರದ ವಿವರವನ್ನು ದೇಶದ ಮುಂದಿಟ್ಟ ಕೆಲವೇ ದಿನಗಳಲ್ಲಿ ಮಧ್ಯಪ್ರದೇಶದ ಸಚಿವರೊಬ್ಬರು ಅವರ ಧರ್ಮವನ್ನೆತ್ತಿ ಆಡಿದ ಮಾತನ್ನು ಹೈಕೋರ್ಟೇ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಳ್ಳಬೇಕಾಯಿತು. ಹಾಗಿರುವಾಗ ಅಂಥವರನ್ನು ಮೆಚ್ಚಿಸುವುದು ನಮ್ಮ ಗುರಿಯಾಗಬಾರದು. ಸೇನೆ ಈ ದೇಶದ ತೆರಿಗೆ ಹಣದಿಂದ ನಡೆಯುವ ಸಾರ್ವಜನಿಕ ಸಂಸ್ಥೆ. ಅದರ ಹುದ್ದೆಗಳಲ್ಲಿ ರೋಣದ ಲಿಂಗಾಯತ ರೈತನ ಮಗನಿಗೆ, ನರಗುಂದದ ದಲಿತ ಕೂಲಿಯ ಮಗನಿಗೆ ಇರುವಷ್ಟೇ ಪಾಲು ಗಜೇಂದ್ರಗಡದ ಹಮಾಲಿ ಹುಸೇನಸಾಬನ ಮಗನಿಗೂ ಇದೆ. ಪಾಲನ್ನು ಕೇಳುವವನು ಬೇಡುವವನಲ್ಲ.

ಇಲ್ಲಿಯ ತನಕ ಹೇಳಿದ್ದು ಸಿಪಾಯಿಗಳ ಕೊರತೆಯ ಕುರಿತು. ಅದು ಸರಕಾರ ತಾನೇ ಉಂಟುಮಾಡಿಕೊಂಡ ಕೊರತೆ. ಆದರೆ ಅಧಿಕಾರಿಗಳ ಸಾಲಿನಲ್ಲಿ ಖಾಲಿ ಇರುವ ಎಂಟು ಸಾವಿರಕ್ಕೂ ಮಿಕ್ಕ ಸ್ಥಾನಗಳ ಕಥೆ ಭಿನ್ನ. ಕೊರೊನಾ ಕಾಲದಲ್ಲಿ ಅಲ್ಲೂ ಸೇರ್ಪಡೆ ತಗ್ಗಿತ್ತು ನಿಜ. ಆದರೆ ಈ ಕೊರತೆ ಕೊರೊನಾಕ್ಕಿಂತ ಹಳೆಯದು. ಅರ್ಜಿ ಹಾಕುವವರು ಲಕ್ಷಗಟ್ಟಲೆ, ಆದರೆ ಲಿಖಿತ ಪರೀಕ್ಷೆಯ ಬಳಿಕ ಐದು ದಿನ ನಡೆಯುವ ಸೇವಾ ಆಯ್ಕೆ ಮಂಡಳಿಯ ಸಂದರ್ಶನ ದಾಟುವವರು ಬೆರಳೆಣಿಕೆಯಷ್ಟು. ಮಟ್ಟವನ್ನು ಇಳಿಸಲು ಸೇನೆ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಈ ಬಾಗಿಲು ವರ್ಷಕ್ಕೆರಡು ಬಾರಿ ತೆರೆಯುತ್ತದೆ, ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮೂಲಕ ಹೊಕ್ಕವರಿಗೆ ಕಾಯಂ ಕಮಿಷನ್, ಪಿಂಚಣಿ ಎರಡೂ ಇವೆ. ತರಬೇತಿ, ಊಟ, ವಸತಿಗೆ ಶುಲ್ಕವಿಲ್ಲ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಯನ್ನು ದ್ವಿತೀಯ ಪಿ.ಯು.ಸಿ.ಯಲ್ಲಿರುವಾಗಲೇ ಬರೆಯಬಹುದು. ಭೂಸೇನಾ ವಿಭಾಗಕ್ಕೆ ವಿಜ್ಞಾನವೇ ಓದಿರಬೇಕೆಂದಿಲ್ಲ, ಕಲಾ ವಿಭಾಗದವರೂ ಅರ್ಹರು. ದಕ್ಷಿಣದ ಆಯ್ಕೆ ಕೇಂದ್ರ ಬೆಂಗಳೂರಿನಲ್ಲೇ ಇದೆ. ಪದವಿಯಲ್ಲಿ ಎನ್.ಸಿ.ಸಿ.ಯ ಸಿ ಸರ್ಟಿಫಿಕೇಟನ್ನು ಉತ್ತಮ ದರ್ಜೆಯಲ್ಲಿ ಪಡೆದವರಿಗೆ ಲಿಖಿತ ಪರೀಕ್ಷೆಯಿಲ್ಲದೆ ನೇರ ಸಂದರ್ಶನಕ್ಕೆ ಹೋಗುವ ವಿಶೇಷ ದಾರಿಯೂ ಇದೆ.

ಹೆಣ್ಣುಮಕ್ಕಳಿಗೂ ಈ ಬಾಗಿಲು ಮುಚ್ಚಿಲ್ಲ. 2021ರ ಆಗಸ್ಟಿನಲ್ಲಿ ಸುಪ್ರೀಮ್ ಕೋರ್ಟು ಕೊಟ್ಟ ಮಧ್ಯಂತರ ಆದೇಶದಿಂದ ಅವರೂ ಅಕಾಡೆಮಿಯ ಪರೀಕ್ಷೆ ಬರೆಯುವಂತಾಯಿತು. 2025ರ ಮೇ 30ರಂದು 17 ಯುವತಿಯರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂತು. ಸೋಫಿಯಾ ಖುರೇಶಿಯವರು ಗುಜರಾತಿನ ವಡೋದರಾದವರಾದರೂ ಬೆಳಗಾವಿ ಜಿಲ್ಲೆಯ ಸೊಸೆ. ಗೋಕಾಕ ತಾಲೂಕಿನ ಕೊಣ್ಣೂರು ಅವರ ಗಂಡನ ಊರು. ನರಗುಂದ ತಾಲೂಕಿನಲ್ಲೂ ಒಂದು ಕೊಣ್ಣೂರು ಇದೆ. ಆ ಕೊಣ್ಣೂರಿನ ಮನೆಯೊಂದಕ್ಕೆ ಸೊಸೆಯಾಗಿ ಸಾಧ್ಯವಾದದ್ದು ಈ ಕೊಣ್ಣೂರಿನ ಮಗಳಿಗೆ ಏಕೆ ಸಾಧ್ಯವಾಗಬಾರದು?

ಸಾಧ್ಯವಾಗದಿರುವುದಕ್ಕೆ ಧೈರ್ಯದ ಕೊರತೆ ಕಾರಣವಲ್ಲ, ಶಾಲೆಯ ಕೊರತೆ ಕಾರಣ. ಹತ್ತನೇ ತರಗತಿಗೇ ಓದು ಬಿಡಿಸಿ ಗ್ಯಾರೇಜಿಗೆ ಕಳಿಸಿದ ಮನೆಯಿಂದ ಕರ್ನಲ್ ಹುಟ್ಟುವುದಿಲ್ಲ. ಅಗ್ನಿವೀರ ಸಾಮಾನ್ಯ ಕರ್ತವ್ಯದ ಹುದ್ದೆಗೂ ಎಸ್.ಎಸ್.ಎಲ್.ಸಿ.ಯಲ್ಲಿ ಒಟ್ಟು ಶೇ. 45, ಪ್ರತಿ ವಿಷಯದಲ್ಲಿ ಶೇ. 33 ಅಂಕ ಬೇಕು. 2023ರಿಂದ ಆಯ್ಕೆಯ ಕ್ರಮವೂ ಬದಲಾಗಿದೆ. ಮೊದಲು ಕಂಪ್ಯೂಟರಿನಲ್ಲಿ ಲಿಖಿತ ಪರೀಕ್ಷೆ, ಅದರಲ್ಲಿ ಗೆದ್ದವರಿಗಷ್ಟೇ ಓಟದ ಮೈದಾನ. ಎಷ್ಟೇ ವೇಗವಾಗಿ ಓಡಿದರೂ ಗಣಿತ, ಸಾಮಾನ್ಯ ವಿಜ್ಞಾನ ಬಾರದವನು ಮೈದಾನದ ಗೇಟನ್ನೇ ಕಾಣಲಾರ. 2025ರ ಪರೀಕ್ಷೆಯನ್ನು ಕನ್ನಡ, ಉರ್ದು ಸೇರಿದಂತೆ 13 ಭಾಷೆಗಳಲ್ಲಿ ಬರೆಯಲು ಅವಕಾಶ ಕಲ್ಪಿಸಿದ್ದು ನಮ್ಮ ಹುಡುಗರ ಪಾಲಿಗೆ ದೊಡ್ಡ ಅನುಕೂಲ. ಇಂಗ್ಲಿಷ್, ಹಿಂದಿ ಬಾರದೆಂಬ ನೆಪ ಇನ್ನು ಸಲ್ಲದು.

ಹಾಗೆಯೇ ಸಣ್ಣದೆಂದು ಕಡೆಗಣಿಸುವ ಕೆಲವು ಸಂಗತಿಗಳು ದೊಡ್ಡ ಅವಕಾಶವನ್ನೇ ಕೆಡಿಸುತ್ತವೆ. ನಮ್ಮ ಮಕ್ಕಳ ಹೆಸರು ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಇನ್ನೊಂದು. ಒಂದರಲ್ಲಿ ಹುಸೇನಸಾಬ, ಮತ್ತೊಂದರಲ್ಲಿ ಹುಸೇನ್, ತಂದೆಯ ಹೆಸರು ಮೂರನೆಯ ರೀತಿ. ಭರ್ತಿಯ ದಿನ ಮೇಜಿನ ಮುಂದೆ ನಿಂತಾಗ ಇದನ್ನು ತಿದ್ದಲಾಗದು, ಎಂಟನೇ ತರಗತಿಯಲ್ಲಿರುವಾಗಲೇ ತಿದ್ದಬೇಕು. ಅಗ್ನಿವೀರನಾಗುವವನು ಅವಿವಾಹಿತನಾಗಿರಬೇಕು, ನಾಲ್ಕು ವರ್ಷ ಮುಗಿಯುವ ತನಕ ಮದುವೆಯಾಗುವಂತಿಲ್ಲ ಎಂಬುದು ಎಳೆ ವಯಸ್ಸಿಗೇ ಮದುವೆ ಮಾಡುವ ಮನೆಗಳು ತಿಳಿದಿರಬೇಕಾದ ನಿಯಮ. ಎಲ್ಲಕ್ಕಿಂತ ಮುಖ್ಯವಾಗಿ, ಸೇನೆಯಲ್ಲಿ ಕೆಲಸ ಕೊಡಿಸುತ್ತೇನೆಂದು ಲಕ್ಷ ಲಕ್ಷ ಕೇಳುವ ದಲ್ಲಾಳಿಗಳನ್ನು ಹೊಸ್ತಿಲು ದಾಟಗೊಡಬಾರದು. ಅಗ್ನಿವೀರ ಪರೀಕ್ಷೆಗೆ ಅಭ್ಯರ್ಥಿ ಕಟ್ಟಬೇಕಾಗಿದ್ದ ಶುಲ್ಕ 250 ರೂಪಾಯಿ. ಅದರಾಚೆ ಯಾರು ಏನನ್ನು ಕೇಳಿದರೂ ಅದು ಮೋಸ.

ಸರಕಾರದ ಮುಂದೆ ಇಡಬೇಕಾದ ಬೇಡಿಕೆಗಳೂ ಸ್ಪಷ್ಟ. ಖಾಲಿ ಇರುವ ಹುದ್ದೆಗಳನ್ನು ಇಂತಿಷ್ಟು ವರ್ಷದೊಳಗೆ ತುಂಬುತ್ತೇವೆಂಬ ಕಾಲಮಿತಿಯನ್ನು ಅದು ಪ್ರಕಟಿಸಬೇಕು. ಶೇ. 25ರ ಮಿತಿಯನ್ನು ಹೆಚ್ಚಿಸಬೇಕು. ನುರಿತ ಯೋಧರನ್ನು ನಾಲ್ಕೇ ವರ್ಷಕ್ಕೆ ಮನೆಗೆ ಕಳಿಸುತ್ತ ಹುದ್ದೆ ಖಾಲಿ ಎಂದು ಕೊರಗುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಕರ್ತವ್ಯದಲ್ಲಿ ಮಡಿದ ಅಥವಾ ಅಂಗವಿಕಲನಾದ ಅಗ್ನಿವೀರನಿಗೂ ಕಾಯಂ ಯೋಧನಿಗೂ ನಡುವೆ ಭೇದ ಕೊನೆಗೊಳ್ಳಬೇಕು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಶೇ. 10 ಮೀಸಲಾತಿ ಕೊಡುವುದಾಗಿ ಕೇಂದ್ರ ಗೃಹ ಸಚಿವಾಲಯ 2022ರ ಜೂನ್‌ನಲ್ಲೇ ಹೇಳಿತ್ತು. ಮೀಸಲಾತಿ ಕಾಗದದಿಂದ ನೇಮಕದ ಆದೇಶಕ್ಕೆ ಇಳಿದರೆ ಮಾತ್ರ ಅದಕ್ಕೆ ಬೆಲೆ.

ರಾಜ್ಯ ಸರಕಾರಕ್ಕೂ ಇದರಲ್ಲಿ ಪಾಲಿದೆ. ಗದಗ ಜಿಲ್ಲೆ ಘಟ್ಟದ ಕೆಳಗಿನ ಮಂಗಳೂರು ಸೇನಾ ಭರ್ತಿ ಕಚೇರಿಯ ವ್ಯಾಪ್ತಿಯಲ್ಲಿ ಇತರ ಹತ್ತು ಜಿಲ್ಲೆಗಳೊಂದಿಗೆ ಸೇರಿಕೊಂಡಿದೆ. 2022ರ ಸೆಪ್ಟೆಂಬರಿನಲ್ಲಿ ಈ ಜಿಲ್ಲೆಗಳಿಗಾಗಿ ಅಗ್ನಿವೀರ ರ‍್ಯಾಲಿ ನಡೆದದ್ದು ಹಾವೇರಿಯಲ್ಲಿ. ದೂರದ ಊರಿಗೆ ಹೋಗಿ, ರಾತ್ರಿ ಕಳೆದು, ನಸುಕಿನಲ್ಲಿ ಓಡಬೇಕಾದ ಬಡ ಹುಡುಗನಿಗೆ ಬಸ್ಸು, ತಂಗಲು ಜಾಗ, ಒಂದು ಹೊತ್ತಿನ ಊಟ ಒದಗಿಸುವುದು ಜಿಲ್ಲಾಡಳಿತಕ್ಕೆ ಅಸಾಧ್ಯವೇನಲ್ಲ. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆಯಿದೆ, ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯಲ್ಲಿ ರಾಯಣ್ಣನ ಹೆಸರಿನ ಸೈನಿಕ ಶಾಲೆ 2024ರಲ್ಲಿ ಉದ್ಘಾಟನೆಯಾಯಿತು. ಅವುಗಳ ಪ್ರವೇಶ ಪರೀಕ್ಷೆಗೆ ರೋಣ, ನರಗುಂದ, ಗಜೇಂದ್ರಗಡದ ಸರಕಾರಿ ಶಾಲೆಗಳ ಐದನೇ ತರಗತಿಯ ಮಕ್ಕಳನ್ನು ಸಜ್ಜುಗೊಳಿಸುವ ಕೆಲಸ ಶಿಕ್ಷಣ ಇಲಾಖೆಯದು.

ಉಳಿದದ್ದು ನಮ್ಮ ಕೈಯಲ್ಲಿದೆ. ಪ್ರತಿ ಪಟ್ಟಣದ ಜಮಾಅತ್ ಕಮಿಟಿ ಮತ್ತು ಅಂಜುಮನ್‌ಗಳು ವರ್ಷದಲ್ಲಿ ಎರಡು ಬಾರಿ ನಿವೃತ್ತ ಯೋಧರೊಬ್ಬರನ್ನು ಕರೆಸಿ, ಅವರು ಯಾವ ಧರ್ಮದವರೇ ಆಗಲಿ, ಹೈಸ್ಕೂಲು ಮಕ್ಕಳೊಂದಿಗೆ ಕೂರಿಸಲಿ. ಸಂಜೆ ಒಂದು ತಾಸು ಗಣಿತ, ವಿಜ್ಞಾನ ಹೇಳಿಕೊಡುವ ಕೋಣೆಯೊಂದನ್ನು ತೆರೆಯಲಿ, ಅದರ ಬಾಗಿಲು ಎಲ್ಲ ಸಮುದಾಯದ ಮಕ್ಕಳಿಗೂ ತೆರೆದಿರಲಿ. ಅಗ್ನಿವೀರನಾಗಿ ಹೊರಟ ಮಗನಿಗೆ ತಂದೆ ತಾಯಿ ಎರಡು ಮಾತು ಹೇಳಿ ಕಳಿಸಲಿ. ನಾಲ್ಕು ವರ್ಷದಲ್ಲಿ ಓದನ್ನು ಬಿಡಬೇಡ, ಮುಕ್ತ ಶಾಲೆಯಲ್ಲಿ ಹನ್ನೆರಡನೆಯದನ್ನೂ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿಯನ್ನೂ ಮುಗಿಸು. ಕೊನೆಗೆ ಬರುವ ಆ ಹನ್ನೊಂದು ಚಿಲ್ಲರೆ ಲಕ್ಷವನ್ನು ಮದುವೆಯ ಆಡಂಬರಕ್ಕೆ ಸುರಿಯದೆ ದುಡಿಮೆಗೆ ಹೂಡು. ಆಗ ಊರಿಗೆ ಮರಳಿದವನು ಬಸ್ ನಿಲ್ದಾಣದಲ್ಲಿ ಕೆಲಸ ಹುಡುಕುತ್ತ ನಿಲ್ಲಬೇಕಾಗುವುದಿಲ್ಲ.

ಲಕ್ಷ ಹುದ್ದೆ ಖಾಲಿ ಇರುವುದು ದೇಶದ ಭದ್ರತೆಯ ಪ್ರಶ್ನೆಯಾದರೆ, ಲಕ್ಷಾಂತರ ಕೈಗಳು ಖಾಲಿ ಇರುವುದೂ ದೇಶದ ಭದ್ರತೆಯದೇ ಪ್ರಶ್ನೆ. ಮೊದಲನೆಯದನ್ನು ಸರಿಪಡಿಸುವ ಹೊಣೆಯನ್ನು ಸರಕಾರಕ್ಕೆ ನೆನಪಿಸೋಣ. ಆದರೆ ಅಧಿಕಾರಿಗಳ ಸಾಲಿನಲ್ಲಿ ಖಾಲಿ ಬಿದ್ದಿರುವ ಕುರ್ಚಿಗಳತ್ತ ನಮ್ಮ ಮಕ್ಕಳನ್ನು ನಡೆಸಲು ಯಾರ ಆದೇಶಕ್ಕೂ ಕಾಯಬೇಕಾಗಿಲ್ಲ. ಮನೆಯ ಮಗುವನ್ನು ಶಾಲೆಯಲ್ಲಿ ಉಳಿಸಿಕೊಂಡರೆ ಆ ನಡೆ ಇಂದೇ ಆರಂಭವಾಗುತ್ತದೆ.